ಜಪಾನಿನ ಹಳ್ಳಿ ಶಾಲೆಯ ಇಂಗ್ಲಿಷ್ ಮೇಷ್ಟರಿಗೆ ಯಾವ ಸೀಮೆಎಣ್ಣೆ ಹೀಟರ್? ದೈನಿಚಿಯೋ, ಕೊರೋನಾವೋ?

ಜಪಾನಿನ ಸರ್ಕಾರಿ ಶಾಲೆಗಳಿಗೆ ಎಎಲ್‌ಟಿ, ಅಂದರೆ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಿ ಬರುವವರು ಮನೆ ಸೇರುವುದು ಸಾಮಾನ್ಯವಾಗಿ ಏಪ್ರಿಲ್‌ನಲ್ಲೋ ಆಗಸ್ಟ್‌ನಲ್ಲೋ. ಆ ಮನೆಯ ನಿಜವಾದ ಗುಣ ಗೊತ್ತಾಗುವುದು ಡಿಸೆಂಬರ್‌ನಲ್ಲಿ. ನಿಗಾತಾ, ನಾಗಾನೋ, ಯಾಮಾಗಾತಾ ಕಡೆಯ ಹಳೆಯ ಮನೆಗಳಲ್ಲಿ ಕಿಟಕಿಗೆ ಒಂಟಿ ಗಾಜು, ಗೋಡೆಯೊಳಗೆ ಶಾಖ ಹಿಡಿದಿಡುವ ಪದರ ಹೆಸರಿಗಷ್ಟೇ. ಹೊಕ್ಕೈದೋ ಬಿಟ್ಟರೆ ಇಡೀ ಮನೆಯನ್ನು ಬಿಸಿ ಮಾಡುವ ಪದ್ಧತಿ ಅಪರೂಪ. ಕೂತಿರುವ ಕೋಣೆಯೊಂದನ್ನು ಬಿಸಿ ಮಾಡಿಕೊಂಡು, ಬಚ್ಚಲಿಗೆ ಓಡಿಹೋಗಿ ಓಡಿಬರುವುದೇ ವಾಡಿಕೆ. ಆ ಒಂದು ಕೋಣೆಗೆ ನಮ್ಮ ಶಿಫಾರಸು 3.2 ಕಿಲೋವಾಟ್‌ನ ಸೀಮೆಎಣ್ಣೆ ಫ್ಯಾನ್ ಹೀಟರ್. ಅಂಗಡಿಯಲ್ಲಿ ಹೆಚ್ಚಾಗಿ ಕಾಣುವ ಹೆಸರು ಎರಡು: ದೈನಿಚಿ, ಕೊರೋನಾ. ಎರಡೂ ನಿಗಾತಾ ಪ್ರಾಂತ್ಯದ ಕಂಪನಿಗಳೇ.

ದುಡ್ಡು ಕೊಡುವ ಮೊದಲು ಬಾಡಿಗೆ ಕರಾರು ತೆಗೆದು ನೋಡಿ. ಅಪಾರ್ಟ್‌ಮೆಂಟ್‌ಗಳಲ್ಲಿ ಸೀಮೆಎಣ್ಣೆ ಹೀಟರ್ ನಿಷೇಧ ಸಾಮಾನ್ಯ. ಕರಾರು ಓದಲು ಬಾರದಿದ್ದರೆ ಶಿಕ್ಷಣ ಮಂಡಳಿಯಲ್ಲಿ ನಿಮ್ಮನ್ನು ನೋಡಿಕೊಳ್ಳುವವರನ್ನೇ 'ಸೆಕಿಯು ಫ್ಯಾನ್ ಹೀಟಾ ವೊ ತ್ಸುಕತ್ತೆಮೊ ಈ ದೆಸ್ ಕಾ', ಅಂದರೆ ಸೀಮೆಎಣ್ಣೆ ಫ್ಯಾನ್ ಹೀಟರ್ ಬಳಸಬಹುದೇ, ಎಂದು ಕೇಳಿ. ಬೇಡ ಎಂದರೆ ಬೇಡ. ಕದ್ದುಮುಚ್ಚಿ ಉರಿಸುವ ಸಾಮಾನಲ್ಲ ಇದು. ಟೋಕಿಯೋ, ಫುಕುವೋಕಾದಂಥ ಕಡೆ ಹೊಸ ಕಾಂಕ್ರೀಟ್ ಕಟ್ಟಡದಲ್ಲಿ ಇರುವವರಿಗೂ ಇದರ ಅಗತ್ಯವಿಲ್ಲ. ಗೋಡೆಯ ಮೇಲಿರುವ ಎಸಿಯನ್ನೇ ಬಿಸಿಗೆ ತಿರುಗಿಸಿಕೊಂಡರೆ ಸಾಕು.

ಹಿಮ ಬೀಳುವ ಊರಿನಲ್ಲಿ ಎಸಿ ಕೈಕೊಡುತ್ತದೆ. ಹೊರಗಿನ ಘಟಕಕ್ಕೆ ಮಂಜು ಕಟ್ಟಿ, ಅದನ್ನು ಕರಗಿಸಲು ಆಗಾಗ ಕೆಲಸ ನಿಲ್ಲಿಸುತ್ತದೆ. ಕರೆಂಟಿನ ಸಣ್ಣ ಹೀಟರ್ ಹಾಕಿಕೊಂಡರೆ ಲೆಕ್ಕ ಸರಿಹೋಗುವುದಿಲ್ಲ. 1200 ವಾಟ್‌ನ ಹೀಟರ್‌ಗೆ, ಯೂನಿಟ್‌ಗೆ 31 ಯೆನ್ ಹಿಡಿದರೆ, ಗಂಟೆಗೆ 37 ಯೆನ್ ಆಯಿತು. ಸೀಮೆಎಣ್ಣೆಯ ಹೀಟರ್ ಪೂರ್ಣ ಉರಿಯಲ್ಲಿ ಗಂಟೆಗೆ ಸುಮಾರು 0.31 ಲೀಟರ್ ಕುಡಿಯುತ್ತದೆ. 18 ಲೀಟರ್‌ಗೆ 2000 ಯೆನ್ ಎಂದುಕೊಂಡರೆ ಗಂಟೆಗೆ 34 ಯೆನ್, ಆದರೆ ಕೊಡುವ ಶಾಖ ಎರಡೂವರೆ ಪಟ್ಟಿಗಿಂತ ಹೆಚ್ಚು. ಕೋಣೆ ಬಿಸಿಯಾಗಿ ಉರಿ ಇಳಿದ ಮೇಲೆ ಏಳೆಂಟು ಯೆನ್ ಸಾಕು. ಇನ್ನೊಂದು ಮಾತು, ಇಲ್ಲಿ ಮನೆಗೆ ಬರುವುದು 100 ವೋಲ್ಟ್. 20 ಆಂಪಿಯರ್ ಕರಾರಿನ ಮನೆಯಲ್ಲಿ ಕರೆಂಟ್ ಹೀಟರ್ ಉರಿಯುತ್ತಿರುವಾಗ ಮೈಕ್ರೋವೇವ್ ಒತ್ತಿದರೆ ಬ್ರೇಕರ್ ಬೀಳುವುದು ಹೆಚ್ಚುಕಡಿಮೆ ಖಚಿತ.

3.2 ಕಿಲೋವಾಟ್ ಅಂದರೆ ಮರದ ಮನೆಯಲ್ಲಿ 9 ಜೋ, ಕಾಂಕ್ರೀಟಿನಲ್ಲಿ 12 ಜೋ ಅಳತೆಯ ಕೋಣೆಗೆ. ಜೋ ಎಂದರೆ ನೆಲಕ್ಕೆ ಹಾಸುವ ಒಂದು ತತಾಮಿ ಚಾಪೆಯ ಅಳತೆ, ಒಂಬತ್ತು ಜೋ ಎಂದರೆ ಸುಮಾರು 160 ಚದರಡಿ. ದೊಡ್ಡದಿದ್ದರೆ ಒಳ್ಳೆಯದಲ್ಲವೇ ಎಂದು 5 ಕಿಲೋವಾಟ್‌ನದು ತರಬೇಡಿ. ದೊಡ್ಡ ಹೀಟರ್‌ನ ಅತಿ ಸಣ್ಣ ಉರಿಯೂ ಚಿಕ್ಕ ಕೋಣೆಗೆ ಜಾಸ್ತಿಯಾಗಿ, ಎಕೋ ಮೋಡ್‌ನಲ್ಲಿ ತಾನೇ ಆರುತ್ತ ಹೊತ್ತುತ್ತ ಇರುತ್ತದೆ. ವಾಸನೆ ಬರುವುದು ಹೊತ್ತುವಾಗ ಮತ್ತು ಆರುವಾಗಲೇ, ಅದರಲ್ಲೂ ಆರುವಾಗ. ನಮ್ಮ ಹಳೆಯ ಬತ್ತಿ ಸ್ಟವ್ ಊದಿ ಆರಿಸಿದಾಗಿನ ಘಾಟನ್ನು ಅರ್ಧಕ್ಕಿಳಿಸಿದಂತೆ ಎನ್ನಬಹುದು.

ಇನ್ನು ಎರಡು ಕಂಪನಿಗಳ ನಡುವಿನ ವ್ಯತ್ಯಾಸ. ದೈನಿಚಿ ಎಣ್ಣೆಯನ್ನು ಆವಿ ಮಾಡಲು ಕರೆಂಟಿನ ಶಾಖವನ್ನು ಉದ್ದಕ್ಕೂ ಬಳಸುತ್ತದೆ. ಹಾಗಾಗಿ ಬಹುತೇಕ ಮಾದರಿಗಳು ಒಂದು ನಿಮಿಷದೊಳಗೆ ಹೊತ್ತಿಕೊಳ್ಳುತ್ತವೆ, ಉರಿಯುವಾಗ 50ರಿಂದ 80 ವಾಟ್‌ನಷ್ಟು ಕರೆಂಟ್ ಎಳೆಯುತ್ತವೆ. ಕೊರೋನಾ ಒಮ್ಮೆ ಹೊತ್ತಿದ ಮೇಲೆ ತನ್ನ ಉರಿಯ ಶಾಖದಲ್ಲೇ ಎಣ್ಣೆಯನ್ನು ಆವಿ ಮಾಡಿಕೊಳ್ಳುತ್ತದೆ. ಮೊದಲಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಕಾಯಿಸಿದರೂ ಆಮೇಲೆ 20 ವಾಟ್ ಆಸುಪಾಸಿನಲ್ಲಿ ನಡೆಯುತ್ತದೆ. ದಿನಕ್ಕೆ ಆರು ಗಂಟೆ, ನಾಲ್ಕು ತಿಂಗಳು ಉರಿಸಿದರೂ ಕರೆಂಟಿನ ವ್ಯತ್ಯಾಸ ಸಾವಿರ ಯೆನ್‌ನಷ್ಟೇ. ಶಾಲೆಗೆ ಹೊರಡುವ ಆತುರದಲ್ಲಿ ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಬಂದಮೇಲೆ ಮೂರು ನಾಲ್ಕು ಗಂಟೆ ಉರಿಸುವ ಮೇಷ್ಟರಿಗೆ ದೈನಿಚಿ ಸರಿ. ರಜೆಯಲ್ಲಿ ಇಡೀ ದಿನ ಮನೆಯಲ್ಲೇ ಕೂರುವವರು ಕೊರೋನಾ ತೆಗೆದುಕೊಳ್ಳಲಿ. ಎರಡಕ್ಕೂ ಪ್ಲಗ್ ಬೇಕೇ ಬೇಕು. ಕರೆಂಟ್ ಹೋದರೆ ಎರಡೂ ನಿಲ್ಲುತ್ತವೆ. ಹಿಮಕ್ಕೆ ತಂತಿ ಹರಿಯುವ ಊರಾದರೆ ಬತ್ತಿಯ ಸ್ಟೋವ್ ಒಂದನ್ನು ಜೊತೆಗಿಟ್ಟುಕೊಳ್ಳುವುದು ಜಾಣತನ, ಅದರ ಮೇಲೆ ಟೀಗೆ ನೀರೂ ಕಾಯುತ್ತದೆ.

ಎಣ್ಣೆ ತುಂಬುವ ಕೆಲಸಕ್ಕೆ ಅಂಕ ಕಡಿತ. ಪೆಟ್ರೋಲ್ ಬಂಕಿನಲ್ಲಿ ಕೇಳಬೇಕಾದ್ದು 'ತೋಯು'. 'ಕೇಯು' ಅಂದರೆ ಡೀಸೆಲ್, ಕಿವಿಗೆ ಎರಡೂ ಹತ್ತಿರ. ನಾವೇ ತುಂಬಿಕೊಳ್ಳುವ ಬಂಕಾದರೆ ಬಣ್ಣ ನೋಡಿ: ಸೀಮೆಎಣ್ಣೆಯ ನಳಿಕೆ ನೀಲಿ, ಡೀಸೆಲ್‌ನದು ಹಸಿರು, ಸಾದಾ ಪೆಟ್ರೋಲ್‌ನದು ಕೆಂಪು. ನಮ್ಮ ರೇಷನ್ ಅಂಗಡಿಯ ನೀಲಿ ಎಣ್ಣೆ ನೋಡಿದವರು ಗಮನಿಸಿ, ಇಲ್ಲಿಯ ಎಣ್ಣೆ ನೀರಿನಷ್ಟು ತಿಳಿ. ಹಳದಿ ಛಾಯೆ ಕಂಡರೆ ಅದು ಕೆಟ್ಟ ಎಣ್ಣೆ. ತರಲು 18 ಲೀಟರ್‌ನ ಪ್ಲಾಸ್ಟಿಕ್ ಕ್ಯಾನ್ ಬೇಕು, ಪೂರ್ವ ಜಪಾನಿನಲ್ಲಿ ಹೆಚ್ಚಾಗಿ ಕೆಂಪು, ಪಶ್ಚಿಮದಲ್ಲಿ ನೀಲಿ. ತುಂಬಿದರೆ ಹದಿನಾಲ್ಕು ಹದಿನೈದು ಕಿಲೋ ತೂಗುತ್ತದೆ, ಸೈಕಲ್ಲಿನಲ್ಲಿ ತರುವ ಯೋಚನೆ ಬಿಡಿ. ಕಾರಿಲ್ಲದವರು ಬೀದಿಗೆ ಬರುವ ಎಣ್ಣೆ ಲಾರಿಗೋ ಮನೆಗೆ ತಂದುಕೊಡುವ ಬಂಕಿಗೋ ಸ್ವಲ್ಪ ಹೆಚ್ಚು ಕೊಡುವುದೇ ಲೇಸು.

ಮನೆಯಲ್ಲಿ ಹೀಟರ್ ಆರಿಸಿ, 5 ಲೀಟರ್‌ನ ಒಳಟ್ಯಾಂಕನ್ನು ಎತ್ತಿ ಬಾಗಿಲ ಬಳಿಯ ತಗ್ಗಿಗೆ ತನ್ನಿ, ಕೆಳಗೆ ಹಳೆಯ ಪತ್ರಿಕೆ ಹಾಸಿ. ಕೈಪಂಪಾದರೆ ಕ್ಯಾನನ್ನು ಒಳಟ್ಯಾಂಕಿಗಿಂತ ಎತ್ತರದಲ್ಲಿ ಇಡಬೇಡಿ. ಇಟ್ಟರೆ ಒತ್ತುವುದು ನಿಲ್ಲಿಸಿದರೂ ಎಣ್ಣೆ ತಾನಾಗಿ ಹರಿಯುತ್ತಲೇ ಇರುತ್ತದೆ. ನಿಲ್ಲಿಸಲು ಪಂಪಿನ ತಲೆಯ ತಿರುಪು ಸಡಿಲಿಸಬೇಕು. ಅದಕ್ಕಿಂತ, ತುಂಬಿದ ಕೂಡಲೇ ತಾನೇ ನಿಲ್ಲುವ ಬ್ಯಾಟರಿ ಪಂಪ್ ಕೊಳ್ಳಿ. ಆ ಹೆಚ್ಚಿನ ಖರ್ಚು ಒಮ್ಮೆ ತತಾಮಿ ಚಾಪೆಯ ಮೇಲೆ ಎಣ್ಣೆ ಚೆಲ್ಲಿದರೆ ಸಾರ್ಥಕವೆನಿಸುತ್ತದೆ, ಯಾಕೆಂದರೆ ಆ ವಾಸನೆ ವಾರಗಟ್ಟಲೆ ಹೋಗುವುದಿಲ್ಲ. ಮುಚ್ಚಳ ಬಿಗಿಮಾಡಿ, ಟ್ಯಾಂಕ್ ತಲೆಕೆಳಗು ಮಾಡಿ ತೊಟ್ಟಿಕ್ಕುವುದಿಲ್ಲ ಎಂದು ನೋಡಿಯೇ ಹೀಟರ್‌ಗೆ ಇಳಿಸಿ. ಪೂರ್ಣ ಉರಿಯಲ್ಲಿ ಒಂದು ಟ್ಯಾಂಕ್ ಹದಿನಾರು ಗಂಟೆ ಬರುತ್ತದೆ.

ಹೊಗೆಕೊಳವೆ ಇಲ್ಲದ ಯಂತ್ರವಾದ್ದರಿಂದ ಉರಿದ ಗಾಳಿಯೆಲ್ಲ ಕೋಣೆಯಲ್ಲೇ ಉಳಿಯುತ್ತದೆ. ಗಂಟೆಗೆ ಒಂದೆರಡು ಸಲ, ಒಂದೆರಡು ನಿಮಿಷ ಕಿಟಕಿ ತೆರೆಯುವುದು ಕಡ್ಡಾಯ. ಅಡುಗೆಮನೆಯ ಫ್ಯಾನ್ ಕೂಡ ಹಾಕಿದರೆ ಗಾಳಿ ಬೇಗ ಬದಲಾಗುತ್ತದೆ. ಮೂರು ಗಂಟೆಯಾದರೆ ಹೀಟರ್ ತಾನೇ ಆರುತ್ತದೆ, ಮುಂದುವರಿಸಲು 'ಎನ್‌ಚೋ' ಗುಂಡಿ ಒತ್ತಬೇಕು. ಆದರೂ ಇದನ್ನು ಉರಿಸಿಕೊಂಡು ಮಲಗುವಂತಿಲ್ಲ. ಒಂದು ಲೀಟರ್ ಎಣ್ಣೆ ಉರಿದರೆ ಒಂದು ಲೀಟರ್‌ಗಿಂತ ತುಸು ಹೆಚ್ಚೇ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಎಸಿಯಂತೆ ಇದು ಗಂಟಲು ಒಣಗಿಸುವುದಿಲ್ಲ, ಆರೇಳು ಪಿರಿಯಡ್ ಕೂಗಿ ಬಂದ ಗಂಟಲಿಗೆ ಅದೊಂದು ಉಪಕಾರ. ಆದರೆ ಅದೇ ನೀರು ತಣ್ಣಗಿನ ಒಂಟಿ ಗಾಜಿನ ಮೇಲೆ ಹರಿದು ಚೌಕಟ್ಟಿನ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಸುತ್ತದೆ. ದಿನಾ ಬೆಳಿಗ್ಗೆ ಗಾಜು ಒರೆಸಬೇಕು.

ನಡುವೆ ಎರರ್ ತೋರಿಸಿ ಆರಿಹೋಗುವ ದೂರು ಎರಡೂ ಬ್ರ್ಯಾಂಡುಗಳಿಗಿದೆ, ಅನೇಕ ಸಲ ತಪ್ಪು ಯಂತ್ರದ್ದಲ್ಲ. ಹೇರ್ ಸೀರಮ್, ಹೇರ್ ಸ್ಪ್ರೇ, ಕೋಟಿಗೆ ಹೊಡೆಯುವ ಜಲನಿರೋಧಕ ಸ್ಪ್ರೇಗಳಲ್ಲಿ ಸಿಲಿಕೋನ್ ಇರುತ್ತದೆ. ಗಾಳಿಯ ಜೊತೆ ಒಳಹೋಗಿ ಸುಟ್ಟು, ಉರಿಯನ್ನು ಗುರುತಿಸುವ ಕಡ್ಡಿಯ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಉರಿ ಇದ್ದರೂ ಇಲ್ಲವೆಂದು ತಿಳಿದು ಯಂತ್ರ ಆರುತ್ತದೆ. ತಲೆ ಬಾಚುವ ಕೆಲಸ ಬೇರೆ ಕೋಣೆಯಲ್ಲಾಗಲಿ. ಬರೀ ಕೊಬ್ಬರಿ ಎಣ್ಣೆಯಾದರೆ ಆ ಭಯವಿಲ್ಲ. ಎರಡನೆಯ ಕಾರಣ ಕಳೆದ ವರ್ಷದ ಎಣ್ಣೆ. ಬೇಸಿಗೆ ಕಳೆದ ಎಣ್ಣೆ ಒಳಗೆ ಅಂಟಾಗಿ ಕಟ್ಟಿಕೊಳ್ಳುತ್ತದೆ. ಹಿಂದಿನ ಗಾಳಿ ಜರಡಿಯನ್ನು ವಾರಕ್ಕೊಮ್ಮೆ ವ್ಯಾಕ್ಯೂಮ್ ಮಾಡಿದರೆ ಉಳಿದ ತಕರಾರು ಬಹುಮಟ್ಟಿಗೆ ತಪ್ಪುತ್ತದೆ.

ಹೊಸದಕ್ಕೆ ಹದಿನೈದು ಸಾವಿರ ಯೆನ್ ಆಸುಪಾಸು; ಕೊಮೇರಿ, ಕೈಂಜ್‌ನಂಥ ಹೋಮ್ ಸೆಂಟರ್‌ಗಳಲ್ಲೂ ಯಾಮಾದಾ ಡೆಂಕಿಯಲ್ಲೂ ಸಿಗುತ್ತದೆ. ಹಾರ್ಡ್ ಆಫ್‌ನಲ್ಲಿ ಸೆಕೆಂಡ್ ಹ್ಯಾಂಡ್ ಇರುತ್ತದೆ. ಅದಕ್ಕಿಂತ ಸಾಮಾನ್ಯವಾದದ್ದು ಮನೆಯಲ್ಲಿ ಮೊದಲಿದ್ದ ಮೇಷ್ಟರು ಬಿಟ್ಟುಹೋದ ಹೀಟರ್. ಅದರ ಬೆನ್ನಿನ ಚೀಟಿಯಲ್ಲಿ ತಯಾರಾದ ವರ್ಷ ಮತ್ತು ಪಿಎಸ್‌ಸಿ ಎಂಬ ಸುರಕ್ಷತಾ ಗುರುತು ನೋಡಿ. 2011ರ ಏಪ್ರಿಲ್‌ನಿಂದ ಆ ಗುರುತಿಲ್ಲದ ಸೀಮೆಎಣ್ಣೆ ಹೀಟರ್ ಮಾರುವಂತಿಲ್ಲ. ಗುರುತಿಲ್ಲದಿದ್ದರೆ ಪುಕ್ಕಟೆ ಸಿಕ್ಕರೂ ಬೇಡ.

ಊರು ಬಿಡುವ ವರ್ಷ ಫೆಬ್ರವರಿಯಿಂದಲೇ ಎಣ್ಣೆಯನ್ನು ಅರ್ಧ ಕ್ಯಾನಿನ ಲೆಕ್ಕದಲ್ಲಿ ತನ್ನಿ. ಉಳಿದದ್ದನ್ನು ಚರಂಡಿಗೆ ಸುರಿಯುವಂತಿಲ್ಲ, ಕೊಂಡ ಬಂಕಿನವರನ್ನು ಕೇಳಿ ಒಪ್ಪಿಸಬೇಕು. ಹೀಟರ್ ಎಸೆಯುವುದಾದರೆ ಒಳಟ್ಯಾಂಕ್ ಖಾಲಿ ಮಾಡಿ, ತಳದಲ್ಲಿ ನಿಂತ ಎಣ್ಣೆಯನ್ನು ಡ್ರಾಪರ್‌ನಿಂದ ಹೀರಿ ತೆಗೆಯಿರಿ. ಬಹಳ ಊರುಗಳಲ್ಲಿ ಇದು ದೊಡ್ಡ ಕಸದ ಲೆಕ್ಕ: ಮೊದಲೇ ಹೆಸರು ಬರೆಸಿ, ಸ್ಟಿಕರ್ ಕೊಂಡು ಅಂಟಿಸಿ, ಹೇಳಿದ ದಿನ ಬೆಳಿಗ್ಗೆ ಹೊರಗಿಡಬೇಕು. ಮಾರ್ಚ್ ಕೊನೆಯಲ್ಲಿ ಊರೆಲ್ಲ ಮನೆ ಬದಲಿಸುವ ಹೊತ್ತು, ಸರದಿ ಸಿಗುವುದು ತಡವಾಗಬಹುದು. ಹೆಸರು ಬೇಗ ಬರೆಸಿ.