ಗಲ್ಲಾದ ಮೇಲೆ ಯಾವುದು: ಬರೀ ಕ್ಯೂಆರ್ ಸ್ಟಿಕ್ಕರೋ, ಸೌಂಡ್‌ಬಾಕ್ಸೋ?

ಮುಂಬೈಯ ಮಾಟುಂಗಾದಲ್ಲಿ ಹೊಸದಾಗಿ ಹೋಟೆಲ್ ಇಡುವ ನಮ್ಮ ಊರಿನವರು ಇದನ್ನೇ ಕೇಳುತ್ತಾರೆ.

ಸ್ಟಿಕ್ಕರಿಗೆ ಖರ್ಚಿಲ್ಲ. ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಹಣಕ್ಕೆ 2020ರಿಂದ ವ್ಯಾಪಾರಿಗೆ ಎಂಡಿಆರ್ ಶುಲ್ಕವೂ (ಪ್ರತಿ ಪಾವತಿಯ ಮೇಲೆ ವ್ಯಾಪಾರಿಯಿಂದ ಹಿಡಿಯುವ ಪಾಲು) ಇಲ್ಲ. ಮನೆಯಿಂದಲೇ ಚಕ್ಕುಲಿ ಮಾರುವವರಿಗೆ ಇಷ್ಟೇ ಸಾಕು. ಆದರೆ ಬೆಳಗಿನ ಎಂಟು ಗಂಟೆಯ ರಶ್‌ನಲ್ಲಿ ಗಿರಾಕಿ ಮೊಬೈಲ್ ಎತ್ತಿ ಹಸಿರು ಟಿಕ್ ತೋರಿಸಿ ಹೊರಟರೆ, ಅದು ನಿಜವೋ ಹಳೆಯ ಸ್ಕ್ರೀನ್‌ಶಾಟೋ ನೋಡಲು ಪುರುಸೊತ್ತೆಲ್ಲಿ? ನಮ್ಮಲ್ಲಿ ಹೀಗೆ ಎರಡು ಮಸಾಲೆ ದೋಸೆಯ ದುಡ್ಡು ಹೋಗಿದೆ.

ಸೌಂಡ್‌ಬಾಕ್ಸ್ ಅಂದರೆ ಬಂದ ಮೊತ್ತವನ್ನು ಕೂಗಿ ಹೇಳುವ ಪುಟ್ಟ ಪೆಟ್ಟಿಗೆ; ದುಡ್ಡು ಖಾತೆಗೆ ಬಂದ ಮೇಲೆಯೇ ಕೂಗುತ್ತದೆ. ಒಳಗೇ ಸಿಮ್ ಇರುವುದರಿಂದ ನಿಮ್ಮ ಫೋನ್ ಜೇಬಲ್ಲೇ ಇರಲಿ, ಕೈ ಚಿಲ್ಲರೆ ಎಣಿಸುತ್ತಿರಲಿ. ಸಾಮಾನ್ಯವಾಗಿ ತಿಂಗಳ ಬಾಡಿಗೆ ಇರುತ್ತದೆ, ರಾತ್ರಿ ಚಾರ್ಜಿಗಿಡಲು ಮರೆಯಬಾರದು. ಗಲ್ಲಾದಲ್ಲಿ ಒಬ್ಬರೇ ಕೂರುವುದಾದರೆ ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ. ಕನ್ನಡದಲ್ಲಿ ಕೂಗುವಂಥದ್ದೂ ಸಿಗುತ್ತದೆ, ಕೇಳಿ ಹಾಕಿಸಿಕೊಳ್ಳಿ.