ಫಲೀಕರಣದಿಂದ ಗರ್ಭಾಶಯದ ಗೋಡೆಯವರೆಗೆ: ಭ್ರೂಣ ಬೆಳವಣಿಗೆಯ ಮಾದರಿ ಪೆಟ್ಟಿಗೆಯ ವಿಮರ್ಶೆ

ಮಾನವ ಭ್ರೂಣದ ಮೊದಲ ಎರಡು ವಾರಗಳ ಬೆಳವಣಿಗೆಯನ್ನು ಬಿಡಿಬಿಡಿ ಗೋಲಗಳಲ್ಲಿ ತೋರಿಸುವ ಪ್ಲಾಸ್ಟಿಕ್ ಮಾದರಿಗಳ ಪೆಟ್ಟಿಗೆಯೊಂದನ್ನು ಜೀವಶಾಸ್ತ್ರದ ತರಗತಿಯಲ್ಲಿ ಬಳಸುತ್ತಿದ್ದೇನೆ. ಇಂಥವನ್ನು ಕೊಳ್ಳುವಾಗ ಬಣ್ಣ ಮತ್ತು ಬಾಳಿಕೆಯನ್ನು ನೋಡುವುದು ವಾಡಿಕೆ. ಆದರೆ ಭ್ರೂಣದ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಅಳತೆಯ ಪ್ರಮಾಣ. ಈ ಪೆಟ್ಟಿಗೆ ಪ್ರಮಾಣವನ್ನು ಕಾಪಾಡಿಕೊಂಡಿರುವವರೆಗೆ ಬಹಳ ಚೆನ್ನಾಗಿದೆ, ಅದನ್ನು ಕೈಬಿಟ್ಟಲ್ಲಿಂದ ಸೊರಗುತ್ತದೆ.

ಅಂಡಾಣುವಿನ ವ್ಯಾಸ ಸುಮಾರು 0.1 ಮಿಲಿಮೀಟರ್. ಇಲ್ಲಿ ಅದು 10 ಸೆಂಟಿಮೀಟರಿನ ಗೋಲವಾಗಿದೆ, ಅಂದರೆ ಸಾವಿರ ಪಟ್ಟು ಹಿಗ್ಗಿದೆ. ಅದೇ ಲೆಕ್ಕದಲ್ಲಿ ವೀರ್ಯಾಣುವಿನ ತಲೆ 5 ಮಿಲಿಮೀಟರ್ ಇರಬೇಕು, ಅಷ್ಟೇ ಇದೆ. ಪುಸ್ತಕದ ಚಿತ್ರಗಳಲ್ಲಿ ಅಂಡಾಣುವಿನ ಕಾಲುಭಾಗದಷ್ಟು ದೊಡ್ಡ ವೀರ್ಯಾಣುವನ್ನು ನೋಡಿ ಬಂದ ವಿದ್ಯಾರ್ಥಿಗಳಿಗೆ ಈ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರೆ ಸಾಕು, ಮೊದಲ ಕೆಲವು ದಿನ ಭ್ರೂಣವನ್ನು ಪೋಷಿಸುವ ಸಾಮಗ್ರಿ ಯಾರಿಂದ ಬಂದಿರಬಹುದೆಂಬ ಪ್ರಶ್ನೆಗೆ ಅವರೇ ಉತ್ತರ ಹೇಳುತ್ತಾರೆ.

ಪೆಟ್ಟಿಗೆಯ ನಿಜವಾದ ಸಾಧನೆ ಕೋಶವಿಭಜನೆಯ ತುಣುಕುಗಳಲ್ಲಿದೆ. ಫಲೀಕರಣವಾದ ಸುಮಾರು 30 ಗಂಟೆಗಳ ಹೊತ್ತಿಗೆ ಎರಡು ಕೋಶ, ಎರಡನೆಯ ದಿನ ನಾಲ್ಕು, ಮೂರನೆಯ ದಿನ ಎಂಟು. ಇವೆಲ್ಲವೂ ಝೋನಾ ಪೆಲ್ಲುಸಿಡಾ ಎಂಬ ಅದೇ ಹೊದಿಕೆಯೊಳಗೆ, ಅದೇ 10 ಸೆಂಟಿಮೀಟರಿನಲ್ಲಿ ಅಡಕವಾಗಿವೆ. ಕೋಶಗಳ ಸಂಖ್ಯೆ ಹೆಚ್ಚಿದರೂ ಭ್ರೂಣ ದೊಡ್ಡದಾಗುವುದಿಲ್ಲ, ಪ್ರತಿ ವಿಭಜನೆಯಲ್ಲೂ ಕೋಶಗಳೇ ಚಿಕ್ಕದಾಗುತ್ತ ಹೋಗುತ್ತವೆ ಎಂಬುದನ್ನು ಎಷ್ಟು ಬಾರಿ ಬಾಯಲ್ಲಿ ಹೇಳಿದರೂ ಮನಸ್ಸಿಗೆ ಇಳಿಯುವುದು ಕಷ್ಟ. ಗೋಲಗಳನ್ನು ಬಿಚ್ಚಿ ಕೋಶಗಳನ್ನು ಕೈಗೆ ಕೊಟ್ಟಾಗ ಅದು ತಾನೇ ತಿಳಿಯುತ್ತದೆ. ಎಂಟು ಕೋಶಗಳ ಹಂತಕ್ಕೆ ಎರಡು ತುಣುಕುಗಳನ್ನು ಕೊಟ್ಟಿರುವುದಂತೂ ವಿಷಯ ಬಲ್ಲವರು ಮಾಡಿದ ಕೆಲಸ. ಒಂದರಲ್ಲಿ ಕೋಶಗಳು ಬಿಡಿಬಿಡಿಯಾಗಿ ದುಂಡಗಿವೆ, ಇನ್ನೊಂದರಲ್ಲಿ ಒಂದನ್ನೊಂದು ಒತ್ತಿಕೊಂಡು ಗಡಿಗಳೇ ಕಾಣದಂತಾಗಿವೆ. ಭ್ರೂಣದ ಸ್ವಂತ ವಂಶವಾಹಿಗಳು ಚುರುಕಾಗಿ ಕೆಲಸಕ್ಕೆ ತೊಡಗುವುದೂ ಸುಮಾರು ಇದೇ ಕಾಲದಲ್ಲಿ, ನಾಲ್ಕರಿಂದ ಎಂಟು ಕೋಶಗಳ ನಡುವೆ. ಈ ಒತ್ತಿಕೊಳ್ಳುವಿಕೆಯ ನಂತರವೇ ಒಳಗಿನ ಕೋಶ, ಹೊರಗಿನ ಕೋಶ ಎಂಬ ಭೇದ ಹುಟ್ಟುತ್ತದೆ. ಮುಂದೆ ಯಾವುದು ಏನಾಗುತ್ತದೆ ಎಂಬುದು ಬಹುಮಟ್ಟಿಗೆ ಅದನ್ನೇ ಅವಲಂಬಿಸಿರುತ್ತದೆ.

ಐದನೆಯ ದಿನದ ಬ್ಲಾಸ್ಟೋಸಿಸ್ಟ್ ತುಣುಕು ಎರಡು ಹೋಳಾಗಿ ತೆರೆದುಕೊಳ್ಳುತ್ತದೆ. ಒಳಗೆ ದ್ರವ ತುಂಬಿದ ಕುಹರ, ಸುತ್ತ ಟ್ರೋಫೋಬ್ಲಾಸ್ಟ್ ಪದರ, ಒಂದು ಬದಿಗೆ ಅಂಟಿದ ಒಳಕೋಶಗಳ ಗುಂಪು. ಗೋಲ ತುಸು ಹಿಗ್ಗಿದ್ದು, ಹೊದಿಕೆ ತೆಳುವಾಗಿರುವುದನ್ನೂ ತೋರಿಸಿದ್ದಾರೆ. ಒಳಕೋಶಗಳ ಗುಂಪನ್ನು ತೆಗೆದು ಅದರ ಜಾಗದಲ್ಲಿ ಎರಡು ಗುಂಪುಗಳನ್ನು ಕೂಡಿಸುವ ಅನುಕೂಲವಿರುವುದರಿಂದ ತದ್ರೂಪಿ ಅವಳಿಗಳು ಹುಟ್ಟುವ ಒಂದು ಬಗೆಯನ್ನು ಇಲ್ಲಿಯೇ ವಿವರಿಸಬಹುದು. ಆದರೆ ಆ ಗುಂಪಿನ ಮೇಲೆ ‘ಶಿಶು’ ಎಂದು ಅಚ್ಚುಹಾಕಿರುವುದನ್ನು ನಾನು ಒಪ್ಪಲಾರೆ. ಅದರಿಂದ ಶರೀರವಷ್ಟೇ ಅಲ್ಲ, ಭ್ರೂಣವನ್ನು ಸುತ್ತುವರಿಯುವ ಆಮ್ನಿಯನ್ ಪೊರೆಯಂಥ, ಶರೀರದ ಭಾಗವಲ್ಲದ ರಚನೆಗಳೂ ಬರುತ್ತವೆ.

ಇನ್ನು ದೋಷಗಳು. ಫಲಿತ ಅಂಡಾಣುವಿನಲ್ಲಿ ಎರಡು ಧ್ರುವಕಾಯಗಳನ್ನು (ಅಂಡಾಣು ರೂಪುಗೊಳ್ಳುವ ವಿಭಜನೆಯಲ್ಲಿ ಬೇರ್ಪಡುವ ಪುಟ್ಟ ಕೋಶಗಳು) ಮರೆಯದೆ ಇಟ್ಟವರು, ತಾಯಿ ಮತ್ತು ತಂದೆಯ ನ್ಯೂಕ್ಲಿಯಸ್‌ಗಳು ಬೆರೆತು ಒಂದಾದಂತೆ ಒಂದೇ ಗುಂಡನ್ನು ಕೂರಿಸಿದ್ದಾರೆ. ಮನುಷ್ಯರಲ್ಲಿ ಹಾಗಾಗುವುದಿಲ್ಲ. ಎರಡೂ ನ್ಯೂಕ್ಲಿಯಸ್‌ಗಳ ಪೊರೆಗಳು ಕರಗಿ, 23 ಮತ್ತು 23 ವರ್ಣತಂತುಗಳು ಮೊದಲ ವಿಭಜನೆಗೆ ನೇರವಾಗಿ ಸಾಲುಗಟ್ಟುತ್ತವೆ; ಅವು ಒಂದೇ ನ್ಯೂಕ್ಲಿಯಸ್‌ನೊಳಗೆ ಒಟ್ಟಿಗೆ ಕಾಣುವುದು ಎರಡು ಕೋಶಗಳಾದ ಮೇಲೆ.

ಇದಕ್ಕಿಂತ ದೊಡ್ಡ ತಪ್ಪು ಗರ್ಭಾಶಯದ ಗೋಡೆಯ ತುಣುಕಿನಲ್ಲಿದೆ. ಬ್ಲಾಸ್ಟೋಸಿಸ್ಟ್ ಹೊದಿಕೆಯನ್ನು ಹೊದ್ದುಕೊಂಡೇ ಗೋಡೆಯ ಮೇಲೆ ಕುಳಿತಿದೆ. ಹೊದಿಕೆಯಿಂದ ಹೊರಬರದೆ ಅದು ಅಂಟಿಕೊಳ್ಳಲಾರದು. ಆರು ಏಳನೆಯ ದಿನದ ಹೊತ್ತಿಗೆ ಅಂಟಿ, ಟ್ರೋಫೋಬ್ಲಾಸ್ಟ್‌ನ ಹೊರಪದರದ ಮೂಲಕ ಅಂಗಾಂಶವನ್ನು ಕೊರೆಯುತ್ತ ಒಳಗಿಳಿದು, ಎರಡನೆಯ ವಾರದ ಕೊನೆಯ ಮೊದಲೇ ಪೂರ್ತಿ ಹುದುಗಿಬಿಡುತ್ತದೆ. ಗರ್ಭಧಾರಣೆಯ ಪರೀಕ್ಷೆಯಲ್ಲಿ ಪತ್ತೆಯಾಗುವ ಹಾರ್ಮೋನು ಹೊರಡುವುದೂ ಈ ಪದರದಿಂದಲೇ. ಇಷ್ಟು ಮಹತ್ವದ ಹಂತಕ್ಕೆ ಒಂದೇ ತುಣುಕು, ಅದೂ ಪ್ರಮಾಣವಿಲ್ಲದ್ದು. ಜೊತೆಗಿರುವ ಕೈಪಿಡಿ ಎರಡನೆಯ ವಾರದ ಭ್ರೂಣಕ್ಕೆ ಮೂರು ಪದರ ಎನ್ನುತ್ತದೆ. ಆಗ ಇರುವುದು ಎಪಿಬ್ಲಾಸ್ಟ್ ಮತ್ತು ಹೈಪೋಬ್ಲಾಸ್ಟ್ ಎಂಬ ಎರಡೇ ಪದರ, ಮೂರು ಪದರಗಳಾಗುವುದು ಮೂರನೆಯ ವಾರದಲ್ಲಿ.

ಪ್ಲಾಸ್ಟಿಕ್ ಗಟ್ಟಿಯಾಗಿದೆ, ಬಣ್ಣ ಮಾಸಿಲ್ಲ. ಮೊದಲ ಐದು ದಿನಗಳ ಪಾಠಕ್ಕೆ ಈ ಪೆಟ್ಟಿಗೆಯನ್ನು ಯಾವ ಶಿಕ್ಷಕರಾದರೂ ನಿಶ್ಚಿಂತೆಯಿಂದ ಕೊಳ್ಳಬಹುದು. ಗೋಡೆಯ ತುಣುಕನ್ನು ಬದಿಗಿಟ್ಟು ನಾನು ಜೇಡಿಮಣ್ಣಿನಲ್ಲಿ ಆ ಹಂತವನ್ನು ಮಾಡಿ ತೋರಿಸುತ್ತಿದ್ದೇನೆ. ತಯಾರಕರು ಹೊದಿಕೆ ಕಳಚಿದ ಬ್ಲಾಸ್ಟೋಸಿಸ್ಟ್ ಒಂದನ್ನು, ಅರ್ಧ ಹುದುಗಿದ ಇನ್ನೊಂದನ್ನು ಇದೇ ಪ್ರಮಾಣದಲ್ಲಿ ಬಿಡಿಯಾಗಿ ಮಾರಿದರೂ ಸಾಕು, ಈಗಾಗಲೇ ಪೆಟ್ಟಿಗೆ ಕೊಂಡವರು ಅವನ್ನೂ ತರಿಸಿಕೊಳ್ಳುತ್ತಾರೆ.