ಹಳೆಯ ಲ್ಯಾಪ್‌ಟಾಪಿನ ಸ್ಪರ್ಶ ಗುಂಡಿಗಳು ಮತ್ತು ಬ್ರೂಸ್‌ಪೇಟೆಯ ಒಂದು ರಿಪೇರಿ ಅಂಗಡಿ

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಒಬ್ಬರೇ ನಡೆಸುವ ಸಣ್ಣ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯೊಂದಿದೆ. ಕೀಬೋರ್ಡಿನ ಮೇಲಂಚಿನಲ್ಲಿ ಧ್ವನಿ ಏರಿಸಲು, ಇಳಿಸಲು, ಹಾಡು ನಿಲ್ಲಿಸಲು ಇರುವ ಸ್ಪರ್ಶ ಗುಂಡಿಗಳು ಕೆಟ್ಟಿದ್ದ ನನ್ನ ಹಳೆಯ ಲ್ಯಾಪ್‌ಟಾಪನ್ನು ಅಲ್ಲಿ ಸರಿಪಡಿಸಿಕೊಂಡೆ. ಕೆಲಸ ನನಗೆ ಬಹಳ ಒಪ್ಪಿಗೆಯಾಯಿತು. ಯಾವ ಭಾಗವನ್ನೂ ಬದಲಿಸುವ ಮಾತೆತ್ತದೆ, ದೋಷ ಎಲ್ಲಿದೆ ಎಂಬುದನ್ನು ಅವರು ಮೊದಲು ಹುಡುಕಿದರು ಎಂಬುದೇ ಅದಕ್ಕೆ ಮುಖ್ಯ ಕಾರಣ.

2007ರಿಂದ 2010ರ ಸುಮಾರಿಗೆ ಬಂದ ಹಲವು ಲ್ಯಾಪ್‌ಟಾಪುಗಳಲ್ಲಿ ಇಂಥ ಹೊಳೆಯುವ ಪಟ್ಟಿ ಇರುತ್ತಿತ್ತು. ಇದರಲ್ಲಿ ಒತ್ತಿದರೆ ಕೆಳಗಿಳಿಯುವ ಗುಂಡಿ ಯಾವುದೂ ಇಲ್ಲ. ಪ್ಲಾಸ್ಟಿಕ್ಕಿನ ಅಡಿಯಲ್ಲಿರುವ ಲೋಹದ ಹಾಳೆಯ ಬಳಿ ಬೆರಳು ಬಂದಾಗ ಅಲ್ಲಿನ ವಿದ್ಯುತ್ ಧಾರಣೆ, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಸಾಮರ್ಥ್ಯ, ಅತ್ಯಲ್ಪ ಪ್ರಮಾಣದಲ್ಲಿ ಬದಲಾಗುತ್ತದೆ, ಒಂದು ಪುಟ್ಟ ಚಿಪ್ ಆ ಬದಲಾವಣೆಯನ್ನು ಅಳೆದು ಬೆರಳು ತಾಗಿತೆಂದು ತೀರ್ಮಾನಿಸುತ್ತದೆ. ಅಳತೆ ಇಷ್ಟು ಸೂಕ್ಷ್ಮವಾಗಿರುವುದರಿಂದ ಬೆವರು, ಒದ್ದೆ ಬಟ್ಟೆಯ ಪಸೆ, ಚಾರ್ಜರಿನಿಂದ ಸೋರುವ ವಿದ್ಯುತ್ತು ಇವೆಲ್ಲವೂ ಅದನ್ನು ದಾರಿ ತಪ್ಪಿಸಬಲ್ಲವು. ನನ್ನ ಲ್ಯಾಪ್‌ಟಾಪಿನಲ್ಲಿ ಯಾರೂ ಮುಟ್ಟದಿದ್ದರೂ ಧ್ವನಿ ತಾನಾಗಿಯೇ ಪೂರ್ತಿ ಏರುತ್ತಿತ್ತು, ಮರುಕ್ಷಣ ಮ್ಯೂಟ್ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿ ಸದ್ದು ನಿಲ್ಲುತ್ತಿತ್ತು. ಮಕ್ಕಳಿಗೆ ಪಾಠದ ಧ್ವನಿಮುದ್ರಣ ಕೇಳಿಸುವ ನನಗೆ ಇದು ದೊಡ್ಡ ತೊಂದರೆಯಾಗಿತ್ತು. ಮೊದಲು ತೋರಿಸಿದ ಬೇರೊಂದು ಕಡೆ ಯಂತ್ರವನ್ನು ಬಿಚ್ಚದೆಯೇ ಮದರ್‌ಬೋರ್ಡ್ ಬದಲಿಸಬೇಕೆಂದು ಹೇಳಿ ₹6,500 ಕೇಳಿದ್ದರು.

ಬ್ರೂಸ್‌ಪೇಟೆಯವರು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಮೊದಲು ಬಯೋಸ್ (ಯಂತ್ರದ ಮೂಲ ಸೆಟ್ಟಿಂಗುಗಳ) ಪರದೆಗೆ ಹೋದರು. ವಿಂಡೋಸ್ ಇನ್ನೂ ಆರಂಭವಾಗದ ಆ ಹಂತದಲ್ಲಿಯೂ ಪಟ್ಟಿಯ ದೀಪಗಳು ತಾವಾಗಿಯೇ ಮಿನುಗುತ್ತಿದ್ದುದರಿಂದ, ಇದು ಡ್ರೈವರಿನ (ಗುಂಡಿಗಳನ್ನು ವಿಂಡೋಸಿಗೆ ಹೊಂದಿಸುವ ತಂತ್ರಾಂಶದ) ದೋಷವಲ್ಲವೆಂದೂ ಮತ್ತೆ ವಿಂಡೋಸ್ ಹಾಕಿಸಿದರೆ ಹಣ ದಂಡವೆಂದೂ ಅವರು ವಿವರಿಸಿದರು. ಆಮೇಲೆ ಚಾರ್ಜರ್ ಮತ್ತು ಬ್ಯಾಟರಿ ಎರಡನ್ನೂ ತೆಗೆದು, ಪವರ್ ಗುಂಡಿಯನ್ನು ಸುಮಾರು 30 ಸೆಕೆಂಡ್ ಒತ್ತಿ ಹಿಡಿದರು. ಒಳಗೆ ಉಳಿದ ವಿದ್ಯುತ್ತು ಪೂರ್ತಿ ಖಾಲಿಯಾದರೆ ಚಿಪ್ ತನ್ನ ಅಳತೆಯನ್ನು ಹೊಸದಾಗಿ ಆರಂಭಿಸುತ್ತದೆ. ಎಷ್ಟೋ ಲ್ಯಾಪ್‌ಟಾಪುಗಳು ಇಷ್ಟರಿಂದಲೇ ಸರಿಹೋಗುವುದುಂಟು, ಖರ್ಚಿಲ್ಲದ ಈ ಉಪಾಯವನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು. ನನ್ನದು ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹಾಗೆಯೇ ಆಡತೊಡಗಿತು.

ನನಗೆ ಬಹಳ ಹಿಡಿಸಿದ್ದು ಅವರ ಮುಂದಿನ ಪರೀಕ್ಷೆ. "ಸರ್, ಒಂದ್ಸಲ ಚಾರ್ಜರ್ ತೆಗೆದು ಬರೀ ಬ್ಯಾಟ್ರಿ ಮ್ಯಾಲೆ ನಡಸಿ ನೋಡೋಣ್ರಿ" ಎಂದರು. ಬ್ಯಾಟರಿಯಲ್ಲಿ ನಡೆಸಿದಾಗ ಕಾಟ ಬಹಳಷ್ಟು ತಗ್ಗಿತು, ಆದರೆ ಪೂರ್ತಿ ನಿಲ್ಲಲಿಲ್ಲ. ಹಾಗಾದರೆ ಕಾರಣ ಒಂದಲ್ಲ, ಎರಡು ಎಂಬುದು ಅವರ ತೀರ್ಮಾನ. 230 ವೋಲ್ಟಿನ ವಿದ್ಯುತ್ತನ್ನು ಇಳಿಸುವ ಚಾರ್ಜರಿನೊಳಗಿನ ಕೆಪಾಸಿಟರಿನ ಮೂಲಕ ಸ್ವಲ್ಪ ವಿದ್ಯುತ್ತು ಸದಾ ಸೋರುತ್ತಿರುತ್ತದೆ, ಅದು ಮೂರನೆಯ ಪಿನ್ನಿನ ಮೂಲಕ ಭೂಮಿಗೆ ಇಳಿಯಬೇಕು. ಅರ್ಥಿಂಗ್ ಇಲ್ಲದಿದ್ದರೆ ಅದು ಲ್ಯಾಪ್‌ಟಾಪಿನ ಮೈಯಲ್ಲೇ ನಿಂತು, ಲೋಹದ ಅಂಚಿಗೆ ಕೈ ತಾಗಿದಾಗ ಜುಮ್ಮೆನ್ನಿಸುತ್ತದೆ ಮತ್ತು ಸ್ಪರ್ಶ ಗುಂಡಿಗಳ ಅಳತೆಯನ್ನು ಕೆಡಿಸುತ್ತದೆ. ಬಳ್ಳಾರಿಯ ಹಳೆಯ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ರಂಧ್ರಗಳಿದ್ದರೂ ಮೇಲಿನ ರಂಧ್ರದ ಹಿಂದೆ ತಂತಿಯೇ ಇಲ್ಲದಿರುವುದು ಅಪರೂಪವಲ್ಲ. ಅವರ ಮಾತಿನಂತೆ ಎಲೆಕ್ಟ್ರಿಷಿಯನ್ ಕರೆಸಿ ನೋಡಿದಾಗ ನಮ್ಮ ಪಡಸಾಲೆಯ ಸಾಕೆಟ್ಟಿನಲ್ಲಿಯೂ ಹಾಗೆಯೇ ಇತ್ತು. ಇದು ಗುಂಡಿಗಳಿಗಿಂತ ದೊಡ್ಡ ವಿಷಯ, ಮನೆಯಲ್ಲಿರುವವರ ಸುರಕ್ಷತೆಯ ವಿಷಯ. ರಿಪೇರಿಯವರೊಬ್ಬರು ಗಿರಾಕಿಯ ಮನೆಯ ವೈರಿಂಗ್ ಬಗ್ಗೆಯೂ ಯೋಚಿಸಿದ್ದಕ್ಕೆ ನಾನು ಕೃತಜ್ಞ.

ಎರಡನೆಯ ಕಾರಣ ಯಂತ್ರದೊಳಗೆ ಸಿಕ್ಕಿತು. ಪಟ್ಟಿಯಿಂದ ಮದರ್‌ಬೋರ್ಡಿಗೆ ಹೋಗುವ ಚಪ್ಪಟೆ ರಿಬ್ಬನ್ ಕೇಬಲ್ ತನ್ನ ಸಾಕೆಟ್ಟಿನಲ್ಲಿ ಓರೆಯಾಗಿ ಕುಳಿತಿತ್ತು, ಅದರ ತುದಿಗಳಿಗೆ ಕೆಂಧೂಳು ಮೆತ್ತಿತ್ತು. ಸಂಡೂರು ಕಡೆಯ ಅದಿರಿನ ಲಾರಿಗಳನ್ನು ಕಂಡವರಿಗೆ ಈ ಧೂಳು ಹೊಸದೇನಲ್ಲ. ಸಾಕೆಟ್ಟಿನ ಪುಟ್ಟ ಚಿಲಕವನ್ನು ಉಗುರಿನಿಂದ ಮೆಲ್ಲನೆ ಎತ್ತಿ, ಕೇಬಲ್ ಹೊರತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ತುದಿ ಒರೆಸಿ, ಒಣಗಿದ ಮೇಲೆ ನೇರವಾಗಿ ಕೂರಿಸಿದರು. ಆ ಚಿಲಕ ಮುರಿದರೆ ರಿಪೇರಿ ಬಹಳ ಕಷ್ಟವಾದ್ದರಿಂದ, ಕೈ ಪಳಗದವರು ಇದಕ್ಕೆ ಮುಂದಾಗದಿರುವುದು ಒಳ್ಳೆಯದು. ಇದರಿಂದಲೂ ಸರಿಹೋಗದಿದ್ದರೆ ಕೇಬಲನ್ನು ಬಿಚ್ಚಿಯೇ ಇಟ್ಟು, ಕೀಬೋರ್ಡಿನ ಎಫ್ಎನ್ (Fn) ಕೀಲಿಯ ಜೊತೆ ಒತ್ತುವ ಗುಂಡಿಗಳಿಂದ ಧ್ವನಿ ಹೊಂದಿಸಿಕೊಳ್ಳಬಹುದೆಂದೂ, ಕೆಲವು ಮಾದರಿಗಳಲ್ಲಿ ಪವರ್ ಗುಂಡಿಯೂ ಅದೇ ಪಟ್ಟಿಯಲ್ಲಿರುವುದರಿಂದ ಮೊದಲು ಅದನ್ನು ನೋಡಿಕೊಳ್ಳಬೇಕೆಂದೂ ಹೇಳಿದರು. ನನಗೆ ಅದರ ಅಗತ್ಯ ಬೀಳಲಿಲ್ಲ. ಈಗ ಧ್ವನಿ ನಾನು ಇಟ್ಟಲ್ಲಿಯೇ ನಿಲ್ಲುತ್ತದೆ.

ಒಟ್ಟು ₹700 ತೆಗೆದುಕೊಂಡರು, ಮಾಡಿದ ಕೆಲಸಕ್ಕೆ ಇದು ನ್ಯಾಯವಾದ ಬೆಲೆ. ಕೊರತೆಗಳೂ ಇವೆ. ಕೇಳದಿದ್ದರೆ ರಸೀದಿ ಕೊಡುವುದಿಲ್ಲ, ಗ್ಯಾರಂಟಿ ಬಾಯಿಮಾತಿನದು, ಒಬ್ಬರೇ ಇರುವುದರಿಂದ ಹೇಳಿದ ದಿನಕ್ಕೆ ಯಂತ್ರ ಸಿಗುವುದಿಲ್ಲ. ತುರ್ತು ಕೆಲಸವಿರುವವರಿಗೆ ಈ ಅಂಗಡಿ ಹೊಂದುವುದಿಲ್ಲ. ಹೋಗುವವರು ಲ್ಯಾಪ್‌ಟಾಪಿನ ಜೊತೆಗೆ ಚಾರ್ಜರನ್ನೂ ಅದರ ಮೂರು ಪಿನ್ನಿನ ತಂತಿಯನ್ನೂ ತಪ್ಪದೆ ಒಯ್ಯಬೇಕು, ಬ್ಯಾಟರಿಯನ್ನು ಆದಷ್ಟು ತುಂಬಿಸಿಕೊಂಡಿರಬೇಕು. ಅವೆರಡೂ ಇಲ್ಲದಿದ್ದರೆ ಮೇಲೆ ಹೇಳಿದ ಪರೀಕ್ಷೆಯನ್ನು ಅಂಗಡಿಯಲ್ಲಿ ಮಾಡಲು ಆಗುವುದಿಲ್ಲ.